ಹಳೆ ಪ್ಯಾಟಿಗೆ ಸೆಲೆ ಬೇಕು

 ನಮ್ಮ ಶಾಲೆಯ ಗುರುಗಳು "ನೀವು ಭಜನಿ ಪದದ ಮ್ಯಾಲ ಬರೀರಿ" ಅಂದಿದ್ದರು. ಪದದ ಮೇಲೆ ಬರೆಯುವುದಕ್ಕಿಂತ ಪದ ಹಾಡುವುದೇ ಛಲೋ. ಅದಕ್ಕೆ ಈ ಸಲ ಸೊಲ್ಲಾಪುರದ ಹಳೆ ಪ್ಯಾಟಿ ಬಗ್ಗೆ ಬರೆಯುವುದು ಅಂತ ನಿಶ್ಚಯ ಮಾಡಿದೆ. ಒಕ್ಕಲುತನ ಮಾಡುವವನಿಗೆ ಶಹರದ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಗೆ ಕಚೇರಿ ಕೆಲಸಕ್ಕೆ ಅಕ್ಕಲಕೋಟೆ. ಆದರೆ ದೊಡ್ಡ ಬಾಜಾರ ಅಂದರೆ ಮೊದಲಿನಿಂದಲೂ ಸೊಲ್ಲಾಪುರ. ಅಕ್ಕಲಕೋಟೆಯಿಂದ ಹೆಚ್ಚು ಕಡಿಮೆ 40 ಕಿಲೋಮೀಟರ್. ನಮ್ಮ ಅಜ್ಜ ಚಕ್ಕಡಿಯಲ್ಲಿ ಜೋಳ, ಶೇಂಗಾ ಹೇರಿಕೊಂಡು ಹೋಗುತ್ತಿದ್ದ. ನಮ್ಮ ಅಪ್ಪ ಎಸ್‌ಟಿ ಗಾಡಿಯ ಮೇಲೆ ಚೀಲ ಒಗೆದು ಹೋಗುತ್ತಿದ್ದ. ಲಗ್ನದ ಸೀರೆ, ತಾಳಿ, ಹಾಸಲಿಕ್ಕೆ ಚಾದರ, ಮಕ್ಕಳ ಪಾಟಿ-ಪುಸ್ತಕ, ನಮ್ಮ ಭಜನಿ ಮೇಳದ ತಾಳ, ದಿಮ್ಮಡಿ, ತುಂತುಣಿಯ ತಂತಿ ಎಲ್ಲ ಬಂದದ್ದು ಆ ಪ್ಯಾಟಿಯಿಂದ. ನಮ್ಮ ಬೆಳೆಗೆ ರೊಕ್ಕ ಕೊಟ್ಟದ್ದೂ ಅದೇ ಪ್ಯಾಟಿ. ಅಂಥ ಪ್ಯಾಟಿ ಈಗ ಮಂಕಾಗಿದೆ. ಸರಕಾರ ಅದಕ್ಕೆ ಕಳೆ ತರಲಿಕ್ಕೆ ಬಹಳ ಖರ್ಚು ಮಾಡಿತು. ರಸ್ತೆ ಬೆಳಗಿದವು. ಆದರೆ ಹಳೆ ಓಣಿಯೊಳಗಿನ ಅಂಗಡಿಯವರು ಇನ್ನೂ ಗಿರಾಕಿಯ ದಾರಿ ನೋಡುತ್ತಾ ಕೂತಿದ್ದಾರೆ. ಯಾಕೆ ಹೀಗಾಯಿತು, ಏನು ಮಾಡಿದರೆ ಅಲ್ಲಿ ಮತ್ತೆ ಮಂದಿ ಕೂಡುತ್ತಾರೆ ಅನ್ನುವುದು ನನ್ನ ಮಾತು.

ಮೊದಲು ಆ ಪ್ಯಾಟಿ ಹೇಗೆ ಹುಟ್ಟಿತು ಅನ್ನುವುದನ್ನು ನೆನೆಯಬೇಕು. ಸೊಲ್ಲಾಪುರ ಅಂದರೆ ನಮಗೆ ಸಿದ್ಧರಾಮೇಶ್ವರರ ಊರು. ಹನ್ನೆರಡನೆಯ ಶತಮಾನದ ಶಿವಯೋಗಿ, ಕನ್ನಡದ ವಚನಕಾರ. ಅವರು ಬರೇ ಉಪದೇಶ ಮಾಡಿ ಕೂಡಲಿಲ್ಲ, ಮಂದಿಯನ್ನು ಕೂಡಿಸಿ ಕೆರೆ ಕಟ್ಟಿಸಿದರು. ಊರ ಸುತ್ತ 68 ಲಿಂಗ ಸ್ಥಾಪಿಸಿದರು. ನೀರು ಇದ್ದಲ್ಲಿ ಮಂದಿ, ಮಂದಿ ಇದ್ದಲ್ಲಿ ಬಾಜಾರ. ಆಮೇಲೆ 1860ರಲ್ಲಿ ಮುಂಬೈ ಕಡೆಯ ರೈಲು ಸೊಲ್ಲಾಪುರಕ್ಕೆ ಬಂತು. 1877ರಲ್ಲಿ ನೂಲಿನ ಗಿರಣಿ ಸುರುವಾಯಿತು. ಅದಕ್ಕೇ ಮಂದಿ ಮುಂದೆ ಜೂನಿ ಮಿಲ್ ಅಂತ ಕರೆದರು. ಅದರ ಹಿಂದೆ ಲಕ್ಷ್ಮೀ, ವಿಷ್ಣು, ನರಸಿಂಗಗಿರಜಿ ಗಿರಣಿಗಳು ಬಂದವು. ಈಗ ಮಹಾನಗರಪಾಲಿಕೆಯ ಆವಾರದಲ್ಲಿ ನೋಡುತ್ತೀರಲ್ಲ, ಇಂದ್ರಭವನ, ಅದು ಅಪ್ಪಾಸಾಹೇಬ ವಾರದ ಅನ್ನುವ ಲಿಂಗಾಯತ ವ್ಯಾಪಾರಿ ಕಟ್ಟಿಸಿದ ಮನೆ. ಆ ಕಾಲದ ಪ್ಯಾಟಿಯ ಸಿರಿ ಎಷ್ಟಿತ್ತು ಅನ್ನುವುದಕ್ಕೆ ಆ ಕಟ್ಟಡದ ಕೆತ್ತನೆಯೇ ಸಾಕ್ಷಿ.

ಗಿರಣಿಗೆ ಕೈ ಬೇಕಲ್ಲ, ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಬಂದರು. ನಮ್ಮ ಕಡೆಯಿಂದ ಕನ್ನಡ ಮಂದಿ ಹೋದರು. ಮರಾಠಿಯವರು, ಉರ್ದು ಮಾತಾಡುವವರು, ಮಾರವಾಡಿ ವ್ಯಾಪಾರಿಗಳು ಎಲ್ಲರೂ ಕೂಡಿದರು. ಒಂದು ಓಣಿಯಲ್ಲಿ ನಾಲ್ಕು ಮಾತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಬ್ರಿಟಿಷರು ಗಲ್ಲಿಗೆ ಹಾಕಿದ ಸೊಲ್ಲಾಪುರದ ನಾಲ್ಕು ಹುತಾತ್ಮರ ಹೆಸರು ನೋಡಿರಿ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ. ನಾಲ್ಕು ಸಮಾಜದ ನಾಲ್ಕು ಮಂದಿ. ಆ ಊರು ಎಂಥ ಊರು ಅಂತ ಗುರುಗಳು ಮಕ್ಕಳಿಗೆ ಹೇಳಲಿಕ್ಕೆ ಈ ನಾಲ್ಕು ಹೆಸರೇ ಸಾಕು.

ಇನ್ನು ನಾನು ಕಣ್ಣಿಲೆ ಕಂಡದ್ದು ಹೇಳುತ್ತೇನೆ. 1972ರ ಬರ ಬಂದಾಗ ನಾನು ಏಳನೇತ್ತಾ ಮುಗಿಸಿದ್ದೆ. ಹೊಲದಲ್ಲಿ ಒಂದು ಕಾಳಿಲ್ಲ. ಅಪ್ಪ, ಅವ್ವ ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯಲಿಕ್ಕೆ ಹೋದರು. ಅಲ್ಲಿ ಸುಕಡಿ ಕೊಡುತ್ತಿದ್ದರು. ಅಂಗಡಿಯಲ್ಲಿ ಕೆಂಪು ಮಿಲೋ ಜೋಳ. ನಮ್ಮ ಕಾಕಾ ಸೊಲ್ಲಾಪುರದಲ್ಲಿ ಒಂದು ಗಿರಣಿಯಲ್ಲಿ ಸಾಂಚಾ ನಡೆಸುತ್ತಿದ್ದ. "ಹುಡುಗನ್ನ ನನ್ನ ಕಡೆ ಕಳಸ್ರಿ, ಅಲ್ಲಿ ಹೊಟ್ಟಿಗಿ ಸಿಗತದ" ಅಂತ ಕರೆದುಕೊಂಡು ಹೋದ. ಎರಡು ವರ್ಷ ಅವನ ಚಾಳಿನಲ್ಲಿದ್ದೆ. ಗಿರಣಿ ಕೆಲಸಕ್ಕೆ ವಯಸ್ಸು ಸಾಲದು, ಅದಕ್ಕೆ ಪ್ಯಾಟಿಯ ಅರಿವೆ ಅಂಗಡಿಯೊಂದರಲ್ಲಿ ಗಂಟು ಹೊರುವ ಕೆಲಸ.

ಆಗಿನ ಪ್ಯಾಟಿ ಗಿರಣಿಯ ಭೋಂಗಾದ ಮೇಲೆ ನಡೆಯುತ್ತಿತ್ತು. ಮೂರು ಪಾಳಿ. ಭೋಂಗಾ ಆದ ಕೂಡಲೇ ಸೈಕಲ್ಲಿನ ಸಾಲು ಹೊಳೆಯಂತೆ ಬರುತ್ತಿತ್ತು. ಬೆಳಗಿನ ಪಾಳಿಗೆ ಹೋಗುವವರಿಗೆ ನಸುಕಿನಲ್ಲೇ ಚಹಾದ ಅಂಗಡಿ ತೆರೆದಿರುತ್ತಿತ್ತು. ರಾತ್ರಿ ಪಾಳಿ ಬಿಟ್ಟವರಿಗೆ ಖಾನಾವಳಿಯಲ್ಲಿ ಬಿಸಿ ಭಾಕರಿ, ಶೇಂಗಾ ಹಿಂಡಿ. ಪಗಾರದ ದಿನ ಬಂದರೆ ನವಿಪೇಠ, ಮಂಗಳವಾರ ಪೇಠ, ಟಿಳಕ ಚೌಕ, ಮಧಲಾ ಮಾರುತಿ ಯಾವ ಕಡೆ ಹೋದರೂ ಹೆಗಲಿಗೆ ಹೆಗಲು ತಾಗುತ್ತಿತ್ತು. ನಮ್ಮ ಮಾಲಕರು ಉದ್ರಿ ವಹಿ ತೆಗೆದು ಕೂಡುತ್ತಿದ್ದರು. ಗಿರಣಿಯ ಮನುಷ್ಯ ಹಳೆ ಬಾಕಿ ತೀರಿಸಿ, ಹೊಸ ಉದ್ರಿ ಬರೆಸಿ, ಮಕ್ಕಳಿಗೆ ಪೇಢೆ ಕಟ್ಟಿಸಿಕೊಂಡು ಹೋಗುತ್ತಿದ್ದ. ಹಳ್ಳಿಯ ಅಡತಿ ಪಟ್ಟಿ ಸಿಕ್ಕ ಒಕ್ಕಲಿಗನೂ ಅದೇ ಓಣಿಗೆ ಬರುತ್ತಿದ್ದ. ಫುಟಪಾತಿನ ಮೇಲೆ ಬಳೆ, ಹೂವು, ಕಾಯಿಪಲ್ಲೆ ಮಾರುವ ಹೆಂಗಸರು ಕನ್ನಡದಲ್ಲಿ ಕರೆದು ತೆಲುಗಿನಲ್ಲಿ ಚೌಕಾಸಿ ಮಾಡಿ ಮರಾಠಿಯಲ್ಲಿ ಚಿಲ್ಲರೆ ಕೊಡುತ್ತಿದ್ದರು.

ನನಗೆ ಹಾಡು ಹತ್ತಿದ್ದೂ ಅಲ್ಲೇ. ಚಾಳಿನ ಅಂಗಳದಲ್ಲಿ ಸೋಮವಾರ ರಾತ್ರಿ ಭಜನಿ. ಸಾಂಚಾದ ಸಪ್ಪಳದಲ್ಲಿ ದಿನವಿಡೀ ಕಿವಿ ಕಿವುಡಾದ ಮಂದಿ, ರಾತ್ರಿ ದಿಮ್ಮಡಿ ಹಿಡಿದರೆ ತಾಳ ತಪ್ಪುತ್ತಿರಲಿಲ್ಲ. ಕನ್ನಡದ ತತ್ವಪದ ಒಂದಾದರೆ ಮರಾಠಿ ಅಭಂಗ ಒಂದು. ಎರಡು ವರ್ಷದಲ್ಲಿ ನಾನು ಅರವತ್ತು ಪದ ಬಾಯಿಪಾಠ ಮಾಡಿದೆ. ಮಳೆ ಆದ ಮೇಲೆ ಊರಿಗೆ ತಿರುಗಿ ಬಂದೆ, ಕೈಯಲ್ಲಿ ಒಂದು ಚಾದರ, ತಲೆಯಲ್ಲಿ ಆ ಪದಗಳು.

ಆಮೇಲೆ ಪ್ಯಾಟಿ ಇಳಿದದ್ದು ಒಂದೇ ದಿನದಲ್ಲಿ ಅಲ್ಲ. ಜೂನಿ ಮಿಲ್ ನಾನು ಹೋಗುವ ಮೊದಲೇ, 1960ರ ದಶಕದಲ್ಲೇ ನಿಂತಿತ್ತು. ಲಕ್ಷ್ಮೀ-ವಿಷ್ಣು ಗಿರಣಿ 1990ರ ದಶಕದಲ್ಲಿ ಮುಚ್ಚಿತು. ಒಂದೊಂದೇ ಭೋಂಗಾ ಸುಮ್ಮನಾಯಿತು. ನಮ್ಮ ಕಾಕಾನ ಗಿರಣಿ ಮುಚ್ಚಿದಾಗ ಅವನಿಗೆ ಬರಬೇಕಾದ ರೊಕ್ಕಕ್ಕೆ ವರ್ಷಗಟ್ಟಲೆ ಅಲೆದ. ಕಡೆಗೆ ಒಂದು ಕಟ್ಟಡದ ಮುಂದೆ ರಾತ್ರಿ ಕಾವಲು ಕೂತ. ಸಣ್ಣವ್ವ ಬೀಡಿ ಕಟ್ಟಿ ಮನೆ ನಡೆಸಿದಳು. ಒಬ್ಬ ಕಾಕಾನ ಪಗಾರ ನಿಂತರೆ ನಿಲ್ಲುವುದು ಒಂದು ಮನೆಯ ಒಲೆ ಮಾತ್ರ ಅಲ್ಲ. ಚಹಾದವ, ಸೈಕಲ್ ರಿಪೇರಿಯವ, ಅರಿವೆ ಅಂಗಡಿ, ಹೂವಿನವಳು, ಖಾನಾವಳಿ ಇಷ್ಟೂ ಮಂದಿಯ ಗಲ್ಲಾಪೆಟ್ಟಿಗೆಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಸಾವಿರ ಸಾವಿರ ಮಂದಿಯ ಪಗಾರ ನಿಂತಾಗ ಪ್ಯಾಟಿಗೆ ಏನಾಯಿತು ಅನ್ನುವುದನ್ನು ಲೆಕ್ಕ ಹಾಕಿರಿ.

ನೇಕಾರಿಕೆ ಪೂರಾ ಸತ್ತಿತು ಅಂತ ಹೇಳಿದರೆ ಅದು ಖರೆ ಅಲ್ಲ. ನಮ್ಮ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಇವತ್ತೂ ಟಾವೆಲ್ ನೇಯುವ ಕಾರಖಾನೆಗಳಿವೆ, ಪರದೇಶಕ್ಕೂ ಮಾಲು ಹೋಗುತ್ತದೆ. ಆದರೆ ಕೆಲಸ ಊರಿನ ನಡುವಿನಿಂದ ಅಂಚಿಗೆ ಹೋಯಿತು. ಧಾನ್ಯ, ಉಳ್ಳಾಗಡ್ಡಿ ವ್ಯಾಪಾರ ಹೈದರಾಬಾದ ರಸ್ತೆಯ ಸಿದ್ಧೇಶ್ವರ ಮಾರ್ಕೆಟ್ ಯಾರ್ಡಿಗೆ ಹೋಯಿತು. ಲಾರಿ ನಿಲ್ಲಲಿಕ್ಕೆ ಅಲ್ಲಿ ಜಾಗ ಅದ, ಅದು ನಮಗೂ ಅನುಕೂಲವೇ. ಆದರೆ ಈಗ ನಾವು ಪಟ್ಟಿ ತೆಗೆದುಕೊಂಡು ಅಲ್ಲಿಂದಲೇ ಗಾಡಿ ಹತ್ತಿ ಊರಿಗೆ ಬರುತ್ತೇವೆ. ರೊಕ್ಕ ಕಿಸೆಯಲ್ಲಿ ಇಟ್ಟುಕೊಂಡು ಹಳೆ ಪ್ಯಾಟಿಗೆ ಹೋಗಿ ಅರಿವೆ ನೋಡುವ ರೂಢಿ ತಪ್ಪಿತು.

ಮನೆಗಳೂ ಅಂಚಿಗೆ ಹೋದವು. ಎಸ್‌ಟಿಯಲ್ಲಿ ಹೋಗುವಾಗ ಕುಂಭಾರಿ ಹತ್ತಿರ ನೀವು ನೋಡಿದ್ದೀರಿ. ಬೀಡಿ ಕಾರ್ಮಿಕ ಹೆಂಗಸರಿಗಾಗಿ ಕಟ್ಟಿದ ಗೋದೂತಾಯಿ ಪರುಳೇಕರ ವಸತಿಯಲ್ಲಿ ಹತ್ತು ಸಾವಿರ ಮನೆ. ಆಮೇಲೆ ರೇ ನಗರ, ಅದು 30,000 ಮನೆಗಳ ಯೋಜನೆ. ಅದರಲ್ಲಿ 15,000 ಮನೆಗಳ ಕೀಲಿಯನ್ನು 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳೇ ಬಂದು ಕೊಟ್ಟರು. ಬಾಡಿಗೆ ಖೋಲಿಯಲ್ಲಿ ಉಸಿರು ಕಟ್ಟಿಕೊಂಡಿದ್ದ ಬಡ ಹೆಂಗಸಿನ ಹೆಸರಿಗೆ ಸ್ವಂತ ಮನೆ ಆದದ್ದು ದೊಡ್ಡ ಮಾತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಮುಂದೆ ಚೀಲ ಹಿಡಿದು ಓಣಿಗೆ ಇಳಿಯುವ ಮಂದಿ ಹತ್ತು-ಹನ್ನೆರಡು ಕಿಲೋಮೀಟರ್ ದೂರ ಹೋದರು. ಹಳೆ ಪ್ಯಾಟಿಯಲ್ಲಿ ಉಳಿದವರಿಗೆ ನಲ್ಲಿ ನೀರು ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ. ಉಜನಿ ಡ್ಯಾಮಿನಲ್ಲಿ ನೀರಿದ್ದರೂ ಮನೆಯ ಕೊಡಕ್ಕೆ ಬರಲಿಲ್ಲ. ಕೊಡ ಎಣಿಸುತ್ತಾ ಯಾವ ಸೊಸೆ ಅಲ್ಲಿರುತ್ತಾಳೆ? ಮಗ-ಸೊಸೆ ಪುಣೆಗೆ ಹೋದರು. ವಾಡೆಯಲ್ಲಿ ಮುದುಕ-ಮುದುಕಿ, ಕೆಳಗೆ ಬಾಗಿಲು ಹಾಕಿದ ಅಂಗಡಿ. ಇದರ ಮೇಲೆ ಮಾಲ್ ಬಂದವು, ಮೊಬೈಲಿನಲ್ಲಿ ಒತ್ತಿದರೆ ಮನೆಗೆ ಸಾಮಾನು ಬರುವ ಕಾಲ ಬಂತು.

ಈ ಹೊತ್ತಿಗೆ ಸ್ಮಾರ್ಟ್ ಸಿಟಿ ಯೋಜನೆ ಬಂತು. 2015ರಲ್ಲಿ ಕೇಂದ್ರ ಸರಕಾರ ಸುರು ಮಾಡಿದ್ದು. 2016ರ ಜನವರಿಯಲ್ಲಿ ಆರಿಸಿದ ಮೊದಲಿನ 20 ಊರುಗಳಲ್ಲಿ ಸೊಲ್ಲಾಪುರ ಇತ್ತು. ಕೇಂದ್ರದ 500 ಕೋಟಿ, ಅಷ್ಟೇ ರಾಜ್ಯ ಮತ್ತು ಪಾಲಿಕೆಯದು, ಹೀಗೆ ಒಂದು ಊರಿಗೆ ಸಾವಿರ ಕೋಟಿಯ ಲೆಕ್ಕ. 2025ರ ಮಾರ್ಚಿಗೆ ಯೋಜನೆ ಮುಗಿಯಿತು. ಕೆಲಸ ಆಗಲಿಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಸಿದ್ಧೇಶ್ವರ ಕೆರೆಯ ದಂಡೆ ಚೊಕ್ಕಟವಾಯಿತು. ಇಂದ್ರಭವನಕ್ಕೆ ಜೀರ್ಣೋದ್ಧಾರ ಆಯಿತು. ರಂಗಭವನದ ಕಡೆ ರಸ್ತೆ, ದೀಪ, ಕೂಡಲಿಕ್ಕೆ ಕಟ್ಟೆ ಆದವು. ಸಂಜೆ ಮಕ್ಕಳನ್ನು ಕರೆದುಕೊಂಡು ಮಂದಿ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನೋಡಿದರೆ ಸಂತೋಷ ಆಗುತ್ತದೆ.

ಆದರೆ ಫೋಟೋ ತೆಗೆದವರು ಅಲ್ಲಿಂದಲೇ ಮನೆಗೆ ಹೋಗುತ್ತಾರೆ. ಅರ್ಧ ತಾಸಿನ ದಾರಿಯ ಹಳೆ ಓಣಿಯೊಳಗೆ ಅವರ ಕಾಲು ಬರುವುದಿಲ್ಲ. ನಮ್ಮ ಹೊಲದ ಭಾಷೆಯಲ್ಲಿ ಹೇಳುತ್ತೇನೆ. ಬಾವಿ ಬತ್ತಿದರೆ ಕಟ್ಟೆಗೆ ಸುಣ್ಣ ಹಚ್ಚಿದರೆ ನೀರು ಬರುವುದಿಲ್ಲ. ಹೂಳು ತೆಗೆಯಬೇಕು, ಸೆಲೆ ಎಲ್ಲಿ ಮುಚ್ಚಿದೆ ನೋಡಬೇಕು. ಪ್ಯಾಟಿಯ ಸೆಲೆ ಅಂದರೆ ಅಲ್ಲಿ ದುಡಿಯುವ ಕೈ, ಅಲ್ಲಿ ಮಲಗಿ ಏಳುವ ಮನೆ, ಅಲ್ಲಿಗೆ ಬರಲಿಕ್ಕೆ ಹಳ್ಳಿಯವನಿಗೆ ಇರುವ ಕಾರಣ. ಈ ಮೂರೂ ಮುಚ್ಚಿಹೋಗಿವೆ.

ಮುಚ್ಚಿದ ಸೆಲೆ ತೆರೆಯುತ್ತದೆ ಅನ್ನಲಿಕ್ಕೆ ಆಧಾರ ಏನು? ಗಡ್ಡಾ ಜಾತ್ರೆಯೇ ಆಧಾರ. ಸಂಕ್ರಾಂತಿಗೆ ಏಳು ನಂದಿಕೋಲು ಹಳೆ ಪ್ಯಾಟಿಯಿಂದ ಹೊರಡುತ್ತವೆ. ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಸುರುವಾಗಿ 68 ಲಿಂಗಕ್ಕೆ ಎಣ್ಣೆಮಜ್ಜನ, ಆಮೇಲೆ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ನಮ್ಮ ಹಳ್ಳಿಗಳು, ವಿಜಾಪುರ-ಕಲಬುರ್ಗಿ ಕಡೆ, ಲಾತೂರು ಕಡೆ ಎಲ್ಲಿಂದೆಲ್ಲಿಂದಲೋ ಮಂದಿ ಬರುತ್ತಾರೆ. ಆಗ ಓಣಿ ಇಕ್ಕಟ್ಟು ಅಂತ ಯಾರೂ ಗೊಣಗುವುದಿಲ್ಲ. ಗಾಡಿ ನಿಲ್ಲಿಸಲಿಕ್ಕೆ ಜಾಗ ಇಲ್ಲ ಅಂತ ಯಾರೂ ತಿರುಗಿ ಹೋಗುವುದಿಲ್ಲ. ಯಾಕೆ? ಒಬ್ಬೊಬ್ಬರಿಗೆ ಒಂದೊಂದು ಸೇವೆ ಅದ. ಒಬ್ಬ ನಂದಿಕೋಲು ಹಿಡಿಯುವವ, ಒಬ್ಬ ಬಾರಾಬಂದಿ ಹಾಕಿಕೊಂಡು ಮುಂದೆ ನಡೆಯುವವ, ಒಬ್ಬ ನೀರು ಕೊಡುವವ, ಒಬ್ಬ ಬತ್ತಾಸು ಮಾರುವವ. ಓಣಿ ಬದಲಾಗಿಲ್ಲ, ಅಂಗಡಿ ಬದಲಾಗಿಲ್ಲ, ಆದರೆ ನಾಲ್ಕು ದಿನ ಪ್ಯಾಟಿ ತುಂಬಿ ತುಳುಕುತ್ತದೆ. ಅಂದರೆ ದೋಷ ಓಣಿಯದಲ್ಲ. ಉಳಿದ ದಿನಗಳಲ್ಲಿ ಆ ಓಣಿಗೆ ಬರಲಿಕ್ಕೆ ಮಂದಿಗೆ ಕೆಲಸ ಇಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ನಾನು ಇಂಜಿನಿಯರ್ ಅಲ್ಲ. ಆದರೆ ಐವತ್ತು ವರ್ಷ ಆ ಪ್ಯಾಟಿಗೆ ಚೀಲ ಹೊತ್ತವನು. ಹೊತ್ತವನ ಲೆಕ್ಕ ಹೇಳುತ್ತೇನೆ.

ಒಂದು, ನಸುಕಿನಿಂದ ಫುಟಪಾತಿನ ಮೇಲೆ ಕೂಡುವ ಹೆಂಗಸರನ್ನು ಮೊದಲು ಉಳಿಸಬೇಕು. ರಸ್ತೆ ಸುಧಾರಣೆ ಅಂದ ಕೂಡಲೇ ಮೊದಲು ಎತ್ತುವುದು ಅವರ ಬುಟ್ಟಿ. ಆದರೆ ಗಿರಾಕಿ ಓಣಿಗೆ ಬರುವುದೇ ಹಸಿ ಕಾಯಿಪಲ್ಲೆಗೆ, ಹೂವಿಗೆ. ಬಂದವ ಪಕ್ಕದ ಅಂಗಡಿ ಹೊಗುತ್ತಾನೆ. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆ ಆಗಿದೆ. ಅವರ ಜಾಗ ಗೊತ್ತುಮಾಡಲು ಊರಿಗೊಂದು ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 40 ಪಾಲು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಬ್ಬರು ಹೆಂಗಸರಿರಬೇಕು ಅಂತ ಅದರಲ್ಲಿ ಬರೆದಿದೆ. ನಮ್ಮ ಹಳ್ಳಿಯಿಂದ ಮೆಂತ್ಯೆ, ಕೊತ್ತಂಬರಿ ಒಯ್ಯುವ ತಾಯಂದಿರಿಗೆ ಈ ಕಾಯ್ದೆಯನ್ನು ಓದಿ ಹೇಳುವುದು ಗುರುಗಳ ಕೈಯಲ್ಲಿ ಆಗುವ ಕೆಲಸ.

ಎರಡು, ನೀರು ಮತ್ತು ಪಾಯಖಾನೆ. ಇದನ್ನು ಬರೆಯಲಿಕ್ಕೆ ನಾಚಿಕೆ ಇಲ್ಲ. ನಮ್ಮ ಹೆಣ್ಣುಮಕ್ಕಳು ಪ್ಯಾಟಿಗೆ ಹೋಗುವ ದಿನ ಬೆಳಗಿನಿಂದ ನೀರು ಕುಡಿಯದೆ ಹೋಗುತ್ತಾರೆ. ಸೀರೆ ತೆಗೆಯುವುದು ಒಂದು ತಾಸಿನ ಕೆಲಸವೇ? ಮಾಲಿನಲ್ಲಿ ಚೊಕ್ಕ ಪಾಯಖಾನೆ ಅದ, ಕೂಡಲಿಕ್ಕೆ ಜಾಗ ಅದ, ಅದಕ್ಕೇ ಹುಡುಗಿಯರು ಅಲ್ಲಿಗೆ ಹೋಗುತ್ತಾರೆ. ಬಣ್ಣದ ದೀಪದ ಖರ್ಚಿನಲ್ಲಿ ಒಂದಿಷ್ಟು ತೆಗೆದು ನಾಲ್ಕು ಓಣಿಗೆ ಒಂದು ಪಾಯಖಾನೆ ಕಟ್ಟಿಸಿ, ಅದನ್ನು ದಿನಾ ತೊಳೆಯುವವರಿಗೆ ಸರಿಯಾಗಿ ಪಗಾರ ಕೊಟ್ಟರೆ ಬಾಜಾರ ತಾನೇ ಸುಧಾರಿಸುತ್ತದೆ.

ಮೂರು, ಗಾಡಿ. 2023ರ ಮಾರ್ಚಿನಿಂದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. 65 ದಾಟಿದ ನನ್ನಂಥವರಿಗೂ ಅರ್ಧ, 75 ದಾಟಿದವರಿಗೆ ಪೂರಾ ಫುಕಟ. ಅಂದರೆ ಸೊಲ್ಲಾಪುರ ತನಕ ಹೋಗುವುದು ಸೋವಿ ಆಗಿದೆ. ಆದರೆ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಪ್ಯಾಟಿ ಮುಟ್ಟಲಿಕ್ಕೆ ರಿಕ್ಷಾಕ್ಕೆ ಕೊಡುವುದು ಎಸ್‌ಟಿ ಟಿಕೀಟಿಗಿಂತ ಹೆಚ್ಚು. ಪಾಲಿಕೆಯ ಬಸ್ಸು ಕಡಿಮೆಯಾಗಿವೆ. ಸ್ಟ್ಯಾಂಡಿನಿಂದ ನವಿಪೇಠ, ಮಂಗಳವಾರ ಪೇಠ, ಸಿದ್ಧೇಶ್ವರ ಗುಡಿ ಸುತ್ತಿ ಬರುವ ಸಣ್ಣ ಬಸ್ಸು ಅರ್ಧ ತಾಸಿಗೊಂದು ಬಿಟ್ಟರೆ ಸಾಕು. ಕುಂಭಾರಿಯ ಹೆಂಗಸರಿಗೂ ಅದೇ ಬೇಕಾದದ್ದು.

ನಾಲ್ಕು, ಕೆಲಸ. ಗಿರಣಿಯ ಜಾಗದಲ್ಲೆಲ್ಲ ಬರೇ ಫ್ಲ್ಯಾಟು, ಬಂಗಲೆ ಎದ್ದರೆ ಕಟ್ಟಿದವರ ಕಿಸೆ ತುಂಬುತ್ತದೆ, ಪ್ಯಾಟಿ ತುಂಬುವುದಿಲ್ಲ. ಉಳಿದ ಜಾಗದಲ್ಲಿ ಒಂದು ಪಾಲು ದುಡಿಮೆಗೆ ಇಡಬೇಕು. ಸೊಲ್ಲಾಪುರಿ ಚಾದರಕ್ಕೆ ಭೌಗೋಲಿಕ ಮಾನಾಂಕನ ಸಿಕ್ಕಿದೆ. ಅಂದರೆ ಆ ಹೆಸರು ಆ ಊರಿನ ಮಾಲಿಗೇ ಮೀಸಲು. ಆದರೂ ಪಾಣಿಪತ್ತಿನ ಕಡೆಯ ಚಾದರಕ್ಕೆ ಸೊಲ್ಲಾಪುರದ ಹೆಸರು ಹಚ್ಚಿ ಮಾರುವುದು ನಿಂತಿಲ್ಲ. ಹಳೆ ಪ್ಯಾಟಿಯಲ್ಲೇ ಹತ್ತು ಸಾಂಚಾ ಇಟ್ಟು, ನೇಯುವುದನ್ನು ಕಣ್ಣಮುಂದೆ ತೋರಿಸಿ, ಅಲ್ಲೇ ಮಾರಿದರೆ ಮೋಸಕ್ಕೆ ಜಾಗ ಇಲ್ಲ. ಸಿದ್ಧೇಶ್ವರನ ದರ್ಶನಕ್ಕೆ, ಅಕ್ಕಲಕೋಟೆ ಸ್ವಾಮಿ ಸಮರ್ಥರ ದರ್ಶನಕ್ಕೆ ದಿನಾ ಎಷ್ಟು ಯಾತ್ರಿಕರು ಹೋಗುತ್ತಾರೆ! ಅವರಲ್ಲಿ ಹತ್ತರಲ್ಲಿ ಒಬ್ಬ ಒಳಗೆ ಬಂದು ಖರೆ ಚಾದರ ಒಯ್ದರೂ ಸಾಕು. ಓಣಿಯ ಮೇಲಿನ ಮಾಳಿಗೆಗಳಲ್ಲಿ ಹೊಲಿಗೆ, ಬೀಡಿ ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಹೊಸ ಕೆಲಸ ನಡೆಸಬಹುದು. ಮಾಳಿಗೆಯ ಮೇಲೆ ದೀಪ ಇದ್ದರೆ ಕೆಳಗಿನ ಅಂಗಡಿಗೆ ಧೈರ್ಯ.

ಐದು, ಹಾಡು. ನನ್ನ ಕಸುಬಿನ ಮಾತು ಅಂತ ನಗಬೇಡಿರಿ. ಮಂದಿ ಕೂಡುವುದಕ್ಕೆ ಕೊಳ್ಳುವುದು ಒಂದೇ ಕಾರಣ ಅಲ್ಲ.

ಹಳೆ ಪ್ಯಾಟಿಯಲ್ಲಿ ಒಂದು ವಾದ್ಯದ ಅಂಗಡಿ ಅದ. ಮೂವತ್ತೈದು ವರ್ಷದಿಂದ ನಮ್ಮ ಮೇಳದ ಪೇಟಿ ಅಲ್ಲೇ ರಿಪೇರಿ, ದಪ್ಪಿನ ಚರ್ಮ ಅಲ್ಲೇ ಬಿಗಿಸುವುದು. ಅಪ್ಪ ತೀರಿಕೊಂಡ ಮೇಲೆ ಮಗ ಕೂಡುತ್ತಾನೆ. ಮೂರು ವರ್ಷದ ಹಿಂದೆ ಹೋದಾಗ ಅವ ಅಂದ, "ಕಾಕಾ, ಈ ಗಡ್ಡಾ ಜಾತ್ರಿ ಆದಮ್ಯಾಲ ಅಂಗಡಿ ಬಂದ್ ಮಾಡ್ತೀನಿ. ಮೊಬೈಲ್ ಕವರ್ ಮಾರೋರು ಬಾಡಿಗಿ ಕೇಳ್ಯಾರ. ಕೂತ ಜಾಗದಾಗ ಬಾಡಿಗಿ ಬರ್ತದ."

"ಹಂಗಾದ್ರ ನಮ್ಮ ದಿಮ್ಮಡಿ ಯಾರ ಕಡೆ ಒಯ್ಯಬೇಕಪ್ಪಾ?" ಅಂದೆ.

"ತಿಂಗಳಿಗಿ ನಾಕ ಮಂದಿ ಬರ್ತೀರಿ ಕಾಕಾ. ನಾಕ ಮಂದಿ ಮ್ಯಾಲ ಮಕ್ಕಳ ಫೀ ಹ್ಯಾಂಗ ತುಂಬ್ಲಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನಿಗೆ ಉಪದೇಶ ಮಾಡುವುದರಲ್ಲಿ ಅರ್ಥ ಇರಲಿಲ್ಲ, ಗಿರಾಕಿ ತರಬೇಕಾಗಿತ್ತು. ನಾವು ಮೇಳದ ಐದು ಮಂದಿ ಊರಿಗೆ ಬಂದು ವಿಚಾರ ಮಾಡಿದೆವು. ಹೇಗೂ ಅಮಾವಾಸ್ಯೆಗೆ ಸಿದ್ಧೇಶ್ವರನ ದರ್ಶನಕ್ಕೆ ಹೋಗುವ ರೂಢಿ. ದರ್ಶನ ಮುಗಿಸಿ ಆ ಓಣಿಯ ಸಣ್ಣ ಗುಡಿಯ ಕಟ್ಟೆಯ ಮೇಲೆ ಎರಡು ತಾಸು ಹಾಡುವುದು, ಕಡೆಯ ಗಾಡಿಗೆ ತಿರುಗಿ ಬರುವುದು ಅಂತ ಠರಾಯಿಸಿದೆವು. ಓಣಿಯ ಹಿರಿಯರನ್ನು ಕೇಳಿದೆವು, ಹೂಂ ಅಂದರು. ಮೈಕ್ ಇಲ್ಲ, ಪಟ್ಟಿ ಎತ್ತುವುದಿಲ್ಲ.

ಮೊದಲ ಅಮಾವಾಸ್ಯೆಗೆ ಕೇಳಲಿಕ್ಕೆ ಬಂದವರು ಒಂಬತ್ತು ಮಂದಿ, ಅದರಲ್ಲಿ ಮೂವರು ಮಕ್ಕಳು. ಮೂರನೆಯ ಸಲಕ್ಕೆ ಗಿರಣಿಯಲ್ಲಿ ದುಡಿದ ಒಬ್ಬ ತೆಲುಗು ಹಿರಿಯರು ಬಂದು ಕೂತರು. ಚಾಳಿನ ಭಜನಿಯಲ್ಲಿ ಕಲಿತ ಕನ್ನಡ ಪದವನ್ನು ಅರ್ಥ ಪೂರಾ ತಿಳಿಯದೆಯೇ ಕಡೆತನಕ ಹಾಡಿದರು. ಮುಂದಿನ ಸಲ ಅವರ ಮೊಮ್ಮಗಳು ತಾಳ ಹಿಡಿದಳು. ಈಗ ಮಳೆ ಇಲ್ಲದ ಅಮಾವಾಸ್ಯೆಗೆ ಎಪ್ಪತ್ತು-ಎಂಬತ್ತು ಮಂದಿ ಕೂಡುತ್ತಾರೆ. ಚಹಾದವ ರಾತ್ರಿ ಹತ್ತರ ತನಕ ಒಲೆ ಆರಿಸುವುದಿಲ್ಲ. ಹೂವಿನವಳು ಎರಡನೆಯ ಬುಟ್ಟಿ ತರುತ್ತಾಳೆ. ಬೇರೆ ಹಳ್ಳಿಯ ಎರಡು ಮೇಳಗಳೂ ಬರುತ್ತವೆ, ಬಂದವರು ದಪ್ಪು ಬಿಗಿಸಿಕೊಂಡು ಹೋಗುತ್ತಾರೆ.

ಇದರಿಂದ ವಾದ್ಯದ ಅಂಗಡಿ ಪೂರಾ ಉಳಿಯಿತು ಅಂತ ಹೇಳುವುದಿಲ್ಲ. ಅರ್ಧ ಅಂಗಡಿ ಮೊಬೈಲ್ ಕವರಿನವರಿಗೆ ಹೋಯಿತು. ಇನ್ನರ್ಧದಲ್ಲಿ ಅವ ರಿಪೇರಿ ನಡೆಸಿದ್ದಾನೆ. "ಬಾಡಿಗಿ ಫೀಗಿ, ದಿಮ್ಮಡಿ ಮನಸಿಗಿ" ಅಂತ ನಗುತ್ತಾನೆ. ಅರ್ಧ ಉಳಿದದ್ದೂ ಉಳಿದದ್ದೇ. ಐದು ಮಂದಿ ಹಳ್ಳಿಯವರು ಟಿಕೀಟಿನ ರೊಕ್ಕದಲ್ಲಿ ಇಷ್ಟು ಮಾಡಿದರೆ, ಊರ ಆಡಳಿತ ಮನಸ್ಸು ಮಾಡಿದರೆ ಎಷ್ಟಾಗಬೇಡ? ರಂಗಭವನದ ಕಟ್ಟೆಯ ಮೇಲೆ ಒಂದು ವಾರ ಕನ್ನಡ ಭಜನಿ, ಒಂದು ವಾರ ಮರಾಠಿ ಶಾಹಿರಿ, ಒಂದು ವಾರ ತೆಲುಗಿನವರ ಪದ, ಒಂದು ವಾರ ಕವ್ವಾಲಿ ಇಡಲಿ. ಹಾಡು ಕೇಳಿ ಬಂದವ ಹಸಿದಿರುತ್ತಾನೆ, ಹಸಿದವ ಓಣಿ ಹೊಕ್ಕೇ ಹೊಗುತ್ತಾನೆ.

ಇದೆಲ್ಲ ಸರಕಾರದ ಕೆಲಸ ಅಂತ ನಾವು ಕೈಕಟ್ಟಿ ಕೂಡುವ ಹಾಗಿಲ್ಲ. ಸೊಲ್ಲಾಪುರದ ಪ್ಯಾಟಿಯಲ್ಲಿ ಕನ್ನಡ ಕೇಳಿಸುವುದು ಕಡಿಮೆಯಾಗಿದೆ ಅಂತ ನಾವು ಸಭೆಯಲ್ಲಿ ಮಾತಾಡುತ್ತೇವೆ. ನಾವೇ ಹೋಗದಿದ್ದರೆ ಯಾರ ಬಾಯಿಂದ ಕೇಳಿಸಬೇಕು? ಕನ್ನಡ ಮಾತಾಡುವ ಗಿರಾಕಿ ಇದ್ದರೆ ಅಂಗಡಿಯವ ತಾನೇ ಕನ್ನಡ ಮಾತಾಡುತ್ತಾನೆ. ಮರಾಠಿ ಮನೆಯ ಹುಡುಗನೂ "ಬರ್ರಿ ಅಕ್ಕಾ, ಒಳಗ ಬರ್ರಿ" ಅನ್ನುತ್ತಾನೆ. ಗಿರಾಕಿ ಹೋದರೆ ಮಾತೂ ಹೋಗುತ್ತದೆ.

ಅದಕ್ಕೆ ನನ್ನ ವಿನಂತಿ ಇಷ್ಟು. ಮಾರ್ಕೆಟ್ ಯಾರ್ಡಿಗೆ ಮಾಲು ಹಾಕಿ ಬಂದ ದಿನ ಒಂದು ತಾಸು ಹಳೆ ಪ್ಯಾಟಿಗೆ ಹೋಗಿರಿ. ಮನೆಯಲ್ಲಿ ಲಗ್ನ ಇದ್ದರೆ ಅರಿವೆಯಲ್ಲಿ ಒಂದು ಗಂಟಾದರೂ ಅಲ್ಲಿಂದ ತರ್ರಿ. ಬೆಲೆ ಹೆಚ್ಚು ಅನಿಸಿದರೆ ಚೌಕಾಸಿ ಮಾಡ್ರಿ, ಅಲ್ಲಿ ಮೊಬೈಲಿನ ಹಾಗಲ್ಲ, ಮಾತಿಗೆ ಬೆಲೆ ಇಳಿಯುತ್ತದೆ. ಗುರುಗಳು ಏಳನೇತ್ತಾದ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗಿ ಇಂದ್ರಭವನ, ನಾಲ್ಕು ಹುತಾತ್ಮರ ಪುತ್ಥಳಿ, ಸಿದ್ಧರಾಮರ ಕೆರೆ, ಹಳೆ ಗಿರಣಿಯ ಜಾಗ ತೋರಿಸಿರಿ. ಮಕ್ಕಳ ಅಜ್ಜಂದಿರು ಎಲ್ಲಿ ದುಡಿದರು, ಎಲ್ಲಿ ಹಾಡಿದರು ಅಂತ ಅವರಿಗೆ ತಿಳಿಯಲಿ.

ಹಾಡುವವರಿಗೆ, ಬಾರಿಸುವವರಿಗೆ ಬೇರೆ ಕರೆ. ಮುಂದಿನ ಅಮಾವಾಸ್ಯೆಗೆ ಮಧ್ಯಾಹ್ನದ ಎಸ್‌ಟಿಗೆ ನಾವು ಹೊರಡುತ್ತೇವೆ. ತಾಳ ಇದ್ದವರು ತಾಳ ತರ್ರಿ, ಬುತ್ತಿ ಎಲ್ಲರೂ ತರ್ರಿ. ಚರ್ಮ ಸಡಿಲಾದ ದಪ್ಪು ಮನೆಯಲ್ಲಿದ್ದರೆ ಅದನ್ನೂ ತರ್ರಿ, ಅಲ್ಲೇ ಬಿಗಿಸೋಣು.